ಅರ್ಧ ಗಟಾರ

ಎಂಟನೆಯ ಬಕೀಟು ಮೇಲೆ ಬಂದಾಗ ಅದರಲ್ಲಿ ಮಗ್ಗದ ಲಾಳಿ ತೇಲುತ್ತಿತ್ತು.

ರೋಹಿಣಿ ಅದನ್ನು ಎತ್ತಿ, ಸೆರಗಿಗೆ ಒರೆಸಿ ಕಿಟಕಿಯಲ್ಲಿಟ್ಟಳು. ನೀರನ್ನು ಹೊಸ್ತಿಲಾಚೆ ಚೆಲ್ಲಿದಳು. ಅದು ಬೀದಿಗಿಳಿದು, ತುಂಬಿ ನಿಂತ ಗಟಾರವನ್ನು ಮುಟ್ಟಿ, ಏನನ್ನೋ ಮರೆತು ಬಂದವರ ಹಾಗೆ ಮತ್ತೆ ಮನೆಯ ಕಡೆಗೇ ತಿರುಗಿತು.

“ನಾ ಎತ್ತೂದು, ನೀ ಚೆಲ್ಲೂದು, ಅದು ತಿರುಗಿ ನನ್ನ ಕಾಲಿಗೇ ಬರೂದು,” ಅಂದಳು ಅತ್ತೆ ಸಾವಿತ್ರೆವ್ವ. ಮಗ್ಗದ ಕುಣಿಯೊಳಗೆ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ನಲವತ್ತು ವರ್ಷ ಅದೇ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯ್ದವಳು.

“ಮತ್ತ ಎಲ್ಲಿ ಚೆಲ್ಲಲಿ, ಅತ್ತಿ?”

“ನಿಮ್ಮ ನಗರಸಭಾದಾಗ ಚೆಲ್ಲು. ನೀ ಮೆಂಬರ ಅಲ್ಲೇನು?”

ಮೆಂಬರ ಹೌದು. ಹದಿನೇಳನೆಯ ವಾರ್ಡಿನಿಂದ ಗೆದ್ದು ಇಪ್ಪತ್ತು ತಿಂಗಳಾಗಿತ್ತು. ಮೂವತ್ತೊಂದು ವಾರ್ಡುಗಳಿಂದ ಮೂವತ್ತೊಂದು ಜನ ಗೆದ್ದಿದ್ದರು, ಹಾರ ಹಾಕಿಸಿಕೊಂಡಿದ್ದರು. ಆದರೆ ಸಭಾಭವನದ ಕುರ್ಚಿಯಲ್ಲಿ ಒಬ್ಬರೂ ಒಮ್ಮೆಯೂ ಕೂತಿರಲಿಲ್ಲ. ಸಭೆ ಸೇರಬೇಕಾದರೆ ಅಧ್ಯಕ್ಷರು ಬೇಕು. ಅಧ್ಯಕ್ಷರು ಆಗಬೇಕಾದರೆ ಆ ಸ್ಥಾನ ಈ ಸಲ ಯಾವ ವರ್ಗಕ್ಕೆ ಮೀಸಲು ಎಂಬ ಪಟ್ಟಿ ಬರಬೇಕು. ಪಟ್ಟಿ ಕೋರ್ಟಿನಲ್ಲಿತ್ತು. ಅಲ್ಲಿಯವರೆಗೆ ಬಾಗಲಕೋಟೆಯಿಂದ ಒಬ್ಬ ಆಡಳಿತಾಧಿಕಾರಿ ತಿಂಗಳ ಮೊದಲ ಗುರುವಾರ ಬಂದು, ಪೌರಾಯುಕ್ತರು ಮುಂದಿಟ್ಟ ಕಾಗದಗಳಿಗೆ ಸಹಿ ಮಾಡಿ, ಚಹಾ ಕುಡಿದು ಹೋಗುತ್ತಿದ್ದರು.

ಗಟಾರದ ಹೂಳು ತೆಗೆಸಬೇಕೆಂದು ರೋಹಿಣಿ ಐದು ಗುರುವಾರ ಅರ್ಜಿ ಕೊಟ್ಟಳು. ಐದನೆಯ ಗುರುವಾರ ಅವರು ತಲೆ ಎತ್ತಿ, “ಚುನಾಯಿತ ಮಂಡಳಿ ಬರಲಿ, ಅವರೇ ತೀರ್ಮಾನ ಮಾಡ್ತಾರೆ,” ಅಂದರು.

“ನಾನ ಚುನಾಯಿತ ಆದಾಕಿ ಅದೀನಲ್ರಿ ಸಾಹೇಬ್ರ.”

“ನೀವು ಸದಸ್ಯರು, ಮೇಡಂ. ಮಂಡಳಿ ಅಲ್ಲ.”

ಜನವರಿಯಲ್ಲಿ ಹೇಗೋ ಕಡತ ಅಲುಗಾಡಿತು. ಇಂಜಿನಿಯರು ನಕಾಶೆ ಬಿಚ್ಚಿದ. ಹದಿನೇಳು ಮತ್ತು ಹದಿನೆಂಟನೆಯ ವಾರ್ಡುಗಳ ಗಡಿರೇಖೆ ಗಟಾರದ ನಟ್ಟನಡುವೆ ಉದ್ದಕ್ಕೂ ಹಾದುಹೋಗಿತ್ತು. ಹದಿನೆಂಟರ ಸದಸ್ಯ ವಿಜಯಮಹಾಂತೇಶನ ಅರ್ಜಿ ಕಡತದಲ್ಲಿ ಇರಲಿಲ್ಲ, ಇರುವ ಸಾಧ್ಯತೆಯೂ ಇರಲಿಲ್ಲ. ಇಳಕಲ್ ರಸ್ತೆಯಲ್ಲಿದ್ದ ಅವನ ಗ್ರಾನೈಟ್ ಪಾಲಿಶ್ ಕಾರ್ಖಾನೆಯ ಬಿಳಿ ರಾಡಿಯೇ ಹರಿದು ಬಂದು ಗಟಾರದಲ್ಲಿ ಕೂತು ಕಲ್ಲಾಗುತ್ತಿತ್ತು. ಹಾಗಾಗಿ ಹದಿನೇಳರ ಪಾಲಿನದಷ್ಟೇ ಮಂಜೂರಾಯಿತು. ಮೂರು ಜನ ಆಳುಗಳು ಬಂದರು. ಗಟಾರದ ನಡುವೆ ಈ ತುದಿಯಿಂದ ಆ ತುದಿಗೆ ಹುರಿ ಕಟ್ಟಿದರು. ಹುರಿಯ ಈಚೆಗಿನ ಹೂಳನ್ನಷ್ಟೇ ಅಗೆದು ಎತ್ತಿದರು. ಆಚೆಗಿನದು ಎರಡು ದಿನ ಗೋಡೆಯ ಹಾಗೆ ನಿಂತಿತ್ತು. ಮೂರನೆಯ ದಿನ ಕುಸಿದು ಎರಡೂ ಪಾಲನ್ನು ಸಮನಾಗಿ ತುಂಬಿತು. ಫೋಟೋ ಎರಡನೆಯ ದಿನದ್ದು. ಕಡತದಲ್ಲಿ ಅದರ ಕೆಳಗೆ ‘ಕಾಮಗಾರಿ ಪೂರ್ಣಗೊಂಡಿದೆ’ ಎಂದು ಬರೆದಿದ್ದರು.

ಆ ಓಣಿಯಲ್ಲಿ ಇಪ್ಪತ್ತೆರಡು ಕುಣಿಮಗ್ಗಗಳು. ನಿನ್ನೆಯದು ಮೊದಲ ಮಳೆ. ಇನ್ನೆರಡು ಮಳೆ ಹೀಗೇ ಬಂದರೆ ಕುಣಿಯ ಮಣ್ಣು ಕರಗಿ ಮಗ್ಗದ ಕಂಬಗಳು ಕುಸಿಯುತ್ತವೆ. ಕಂಬ ಕುಸಿದರೆ ಮಗ್ಗ ಮುಗಿದಂತೆ. ಸಾವಿತ್ರೆವ್ವನಿಗೆ ಇನ್ನೊಂದು ಮಗ್ಗ ಕಲಿಯುವ ವಯಸ್ಸಲ್ಲ.

ಹತ್ತನೆಯ ಬಕೀಟಿಗೆ ಬಾಗಿಲ ಮುಂದೆ ಜೀಪು ನಿಂತಿತು. ಶಂಕರಲಿಂಗ ಇಳಿದ. ನಾಲ್ಕು ಸಲ ಗೆದ್ದ ಮೆಂಬರ, ರೋಹಿಣಿ ಇದ್ದ ಬಣದ ಹಿರಿಯ. ಅವನ ಹಿಂದೆ ರೋಹಿಣಿಯ ಗಂಡ ಮುತ್ತುರಾಜ ಇಳಿದ. ಬೆಳಿಗ್ಗೆ ಇಳಕಲ್ಲಿಗೆ ಸೀರೆ ಕೊಟ್ಟು ಬರಲು ಹೋದವನು, ಈಗ ಹೊಸ ಬಿಳಿ ಅಂಗಿಯಲ್ಲಿದ್ದ.

“ತಂಗಿ, ಚೀಲದಾಗ ಅರಿವಿ ತುಂಬ್ಕೋ,” ಅಂದ ಶಂಕರಲಿಂಗ. “ಪಟ್ಟಿ ಬಂತು. ಅಧ್ಯಕ್ಷ ಸ್ಥಾನ ಹಿಂದುಳಿದ ವರ್ಗದ ಹೆಣ್ಮಕ್ಕಳಿಗೆ. ಆ ವರ್ಗದಾಗ ಗೆದ್ದವರು ಇಬ್ಬರ. ಆ ಕಡೆ ಶೈಲಾ, ಈ ಕಡೆ ನೀ. ಬಾದಾಮಿ ಲಾಡ್ಜಿಗೆ ನಮ್ಮವರೆಲ್ಲಾ ಹೋಗ್ಯಾರ. ಚುನಾವಣಿ ಆಗೂತನಕ ಯಾರೂ ಯಾರ ಕೈಗೂ ಸಿಗಬಾರದು.”

“ಅಲ್ಲಿ ಏನ್ ಮಾಡ್ತಾರ್ರಿ ಕಾಕಾ?”

“ಏನ್ ಮಾಡ್ತಾರ, ಗುಹಾ ನೋಡ್ತಾರ. ನಾಕು ಸಲ ಮೆಂಬರ ಆಗೀನಿ, ಏಳು ಸಲ ನೋಡೀನಿ. ಈಗ ನಾನ ಗೈಡ್ ಆಗಬಲ್ಲೆ.”

“ಮಗ್ಗದ ಕುಣಿ ಒಂದು ಸಲರ ನೋಡಿಯೇನಪಾ?” ಅಂದಳು ಸಾವಿತ್ರೆವ್ವ ಕೆಳಗಿನಿಂದ. “ಇದೂ ಗುಹಾನ ಐತಿ. ಟಿಕೆಟ್ ಇಲ್ಲ, ಇಳಿ.”

ಶಂಕರಲಿಂಗ ನಕ್ಕು ಚಪ್ಪಲಿ ಎತ್ತಿ ಒಣಗಿದ ಜಾಗದಲ್ಲಿಟ್ಟ. ಬೆರಳು ಮಡಿಚಿ ಲೆಕ್ಕ ಹೇಳಿದ. ಮೆಂಬರರು ಮೂವತ್ತೊಂದು, ಶಾಸಕರದೊಂದು ಮತ, ಸಂಸದರದೊಂದು, ಒಟ್ಟು ಮೂವತ್ತಮೂರು. ಶೈಲಾಳಿಗೆ ಹದಿನಾರು, ಇವರಿಗೆ ಹದಿನಾರು. ಉಳಿದ ಒಂದು ಇವತ್ತು ಬೆಳಿಗ್ಗೆ ಇವರ ಕಡೆ ಬಂದಿತ್ತು.

ರೋಹಿಣಿ ಬಕೀಟು ಕೆಳಗಿಟ್ಟಳು. “ಅಧ್ಯಕ್ಷರಾದ್ರ, ಸಭಾಕ್ಕ ಯಾವ ವಿಷಯ ಬರಬೇಕಂತ ನಾನ ಹೇಳಬಹುದಲ್ರಿ?”

“ನೀ ಸಹಿ ಮಾಡಿದ್ದ ಅಜೆಂಡಾ.”

“ಹಂಗಾರ ಮೊದಲನೇ ವಿಷಯ ಗಟಾರ. ಪೂರಾ ಅಗಲ. ರಾಡಿ ಬಿಡೋರಿಗೆ ನೋಟಿಸು.”

ಸಾವಿತ್ರೆವ್ವ ಕುಣಿಯ ಅಂಚು ಹಿಡಿದು ಮೇಲೆ ನೋಡಿದಳು. ಶಂಕರಲಿಂಗ ಚಷ್ಮಾ ತೆಗೆದು ಒರೆಸಿಕೊಂಡ.

“ಅದೊಂದು ಬಿಟ್ಟು ಏನರ ತಗೋ. ಬೀದಿ ದೀಪ ತಗೋ, ಗಾರ್ಡನ್ ತಗೋ.”

“ಯಾಕ್ರಿ?”

“ಹದಿನೇಳನೇ ಮತ ಯಾರದು ಅಂತ ಕೇಳಲಿಲ್ಲಲ್ಲ ನೀ. ವಿಜಯಮಹಾಂತೇಶಂದು.”

ಅವನು ಕೈಚೀಲದಿಂದ ಎರಡು ಹಾಳೆ ತೆಗೆದ. ಒಂದು ನಾಮಪತ್ರ. ಇನ್ನೊಂದರಲ್ಲಿ ಒಂದೇ ಸಾಲು: ವೈಯಕ್ತಿಕ ಕಾರಣದಿಂದ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ. ತಾರೀಖಿನ ಜಾಗ ಖಾಲಿ.

“ಇನ್ನೂ ಕುಂತೇ ಇಲ್ಲ, ಆಗಲೇ ಎದ್ದ ಕಾಗದ,” ಅಂದಳು ರೋಹಿಣಿ.

“ಇದು ರೂಢಿ, ತಂಗಿ. ಎಲ್ಲಾರೂ ಬರದು ಕೊಟ್ಟ ಕುಂದರೂದು. ಹತ್ತು ತಿಂಗಳು ನೀ, ಆಮ್ಯಾಲೆ ಉಪಾಧ್ಯಕ್ಷರ ಕಾರಭಾರ. ಆವಾಗ ತಾರೀಖು ನಾವು ಹಾಕ್ತೀವಿ.”

“ಮೊದಲನೇ ತಿಂಗಳ ನಾ ಗಟಾರದ ವಿಷಯ ತಂದ್ರ?”

“ಮೊದಲನೇ ತಿಂಗಳ ತಾರೀಖು ಬೀಳ್ತೈತಿ.”

ಮುತ್ತುರಾಜ ಮುಂದೆ ಬಂದ. “ಹತ್ತು ತಿಂಗಳು ಅಂದ್ರ ಕಡಿಮಿ ಏನಲ್ಲ, ನೋಡು. ನೀ ಕುರ್ಚಿ ಮ್ಯಾಲ ಕುಂದರು, ಮಾತು ನಾ ನೋಡ್ಕೋತೇನಿ. ಬಾಜೂಕ ಒಂದು ಕುರ್ಚಿ ಹಾಕಸ್ತೇನಂತ ಕಾಕಾ ಅಂದಾರ.”

“ಅಂಗಿ ಅದಕ್ಕ ಹೊಲಿಸಿಯೇನು?” ಅಂದಳು ಸಾವಿತ್ರೆವ್ವ.

“ರೆಡಿಮೇಡ್ ಬೇ.”

“ಭಾಳ ಚಲೋ ಆತು. ಕುರ್ಚಿನೂ ರೆಡಿಮೇಡ್, ರಾಜೀನಾಮೆನೂ ರೆಡಿಮೇಡ್. ಇಳಿ ಒಳಗ, ಬಕೀಟ ಹಿಡಿ.”

ಮುತ್ತುರಾಜ ಅಂಗಿ ನೋಡಿಕೊಂಡ, ಇಳಿಯಲಿಲ್ಲ.

ಶಂಕರಲಿಂಗ ದನಿ ತಗ್ಗಿಸಿದ. “ಯಕ್ಕಾ, ನಿಮ್ಮ ತ್ರಾಸ ನನಗ ತಿಳಿತೈತಿ. ನಾಳೆ ನಿಮ್ಮ ಮನಿಗೊಂದು ಮೋಟರ ಕಳಸ್ತೇನಿ. ಬಟನ್ ಒತ್ತಿದ್ರ ಕುಣಿ ನೀರೆಲ್ಲಾ ಹೊರಗ.”

“ಹೊರಗ ಅಂದ್ರ ಎಲ್ಲಿ?” ಸಾವಿತ್ರೆವ್ವ ಬಲಗಡೆಯ ಗೋಡೆಯತ್ತ ಕೈ ತೋರಿಸಿದಳು. ಗೋಡೆಯಾಚೆ ಯಾರೋ ಬಕೀಟಿನಿಂದ ನೀರು ಸುರಿದ ಸದ್ದು ಆಗತಾನೆ ಕೇಳಿಸಿತ್ತು. “ಬಿಬಿಜಾನಳ ಕುಣಿಗೇನು?”

ಶಂಕರಲಿಂಗ ಪೆನ್ನಿನ ಮುಚ್ಚಳ ತೆಗೆದು ರೋಹಿಣಿಯ ಮುಂದೆ ಹಿಡಿದ. ಎರಡು ಹಾಳೆಗಳನ್ನು ಮಗ್ಗದ ಮೇಲೆ, ಅರ್ಧ ನೇಯ್ದು ನಿಂತಿದ್ದ ಒದ್ದೆ ಸೀರೆಯ ಮೇಲೆಯೇ ಹಾಸಿದ.

“ನಾಮಪತ್ರಕ್ಕ ನಾಳೆ ಹನ್ನೊಂದು ಗಂಟೆ ಕಡೀದು. ನೀ ಸಹಿ ಮಾಡಲಿಲ್ಲಂದ್ರ ನಮ್ಮ ಕಡೆ ನಿಲ್ಲೂ ಹೆಣ್ಮಗಳ ಇಲ್ಲ. ಶೈಲಾ ಆಗ್ತಾಳ. ಆಕೀನೂ ಇಂಥಾದ್ದೊಂದು ಕಾಗದ ಬರದು ಕೊಟ್ಟಾಳ, ಗಟಾರ ಆಕಿ ಕೈಲೂ ಆಗೂದಿಲ್ಲ. ನಿನಗ ಸಿಗೂದು ಏನು? ಮೂವತ್ತೊಂದರಾಗ ಒಂದು ಕುರ್ಚಿ, ಹಿಂದಿನ ಸಾಲಿನಾಗ.”

“ಅಲ್ಲಿಂದ ಎದ್ದು ಮಾತಾಡಿದ್ರ ತಾರೀಖು ಹಾಕಾಕ ಬರ್ತೈತೇನ್ರಿ?”

“ಅದಕ್ಕ ಬರೂದಿಲ್ಲ. ಆದ್ರ ಕೇಳವರು ಯಾರು?”

ಹಾಳೆಯ ಅಂಚಿನಿಂದ ನೀರು ಒಳಗೆ ಹರಡತೊಡಗಿತ್ತು. ರೋಹಿಣಿ ಎರಡನ್ನೂ ಸೀರೆಯ ಮೇಲಿಂದ ಎತ್ತಿ ಅವನ ಕೈಗೆ ಕೊಟ್ಟಳು. ಬಕೀಟನ್ನು ಅತ್ತೆಗೆ ಇಳಿಸಿದಳು.

“ತಂಗಿ, ಸಹಿ.”

“ಒಲ್ಲೆ,” ಅಂದಳು ರೋಹಿಣಿ. “ಕುರ್ಚಿನೂ ಒಲ್ಲೆ, ಮೋಟರೂ ಒಲ್ಲೆ.”