ಕಣ್ಣಪ್ಪನ ಎಡಗಾಲು

ಶಹಾಪುರದಿಂದ ಸುರಪುರಕ್ಕೆ ಹೊರಳುವ ರಸ್ತೆಯಲ್ಲಿ ಬೇಡರ ಕಣ್ಣಪ್ಪನ ಕಂಚಿನ ಮೂರ್ತಿ ನಿಲ್ಲಿಸಿ ಎರಡು ದಿನವಾಗಿತ್ತು. ಬಲಗೈಯಲ್ಲಿ ಬಾಣ, ಎಡಗೈ ಕಣ್ಣಿನ ಹತ್ತಿರ, ಕೆರ ಮೆಟ್ಟಿದ ಎಡಗಾಲು ಶಿವಲಿಂಗದ ಮೇಲೆ. ಕುಂಕುಮದ ಬಟ್ಟಲು ಹಿಡಿದು ಬಂದ ಹೆಣ್ಣುಮಕ್ಕಳು ಆ ಕಾಲು ನೋಡಿ ಹಾಗೆಯೇ ಹಿಂದಿರುಗಿದರು.

ಮೂರ್ತಿ ಸಮಿತಿಯ ಭೀಮಾಶಂಕರ ಸಂಜೆ ಶಾಂತಪ್ಪನವರ ಮನೆಗೆ ಬಂದ. ಶಾಂತಪ್ಪನವರು ನಲವತ್ತು ವರ್ಷ ಶ್ರಾವಣಮಾಸದಲ್ಲಿ ಊರ ಗುಡಿಯಲ್ಲಿ ಪುರಾಣ ಹೇಳಿದವರು.

"ಕಣ್ಣಪ್ಪ ಕೈಯಿಟ್ಟು ಗುರುತು ಹಿಡದ ಅಂತ ನೀವೇ ಹೇಳಿದ್ರಿ. ಆ ಶಿಲ್ಪಿ ಮೌನಪ್ಪ ಕಾಲಿಟ್ಟಾನ! ನಾಳೆ ಮುಂಜಾನಿ ಆ ಕಾಲು ಕೊಯ್ಸಾಕತ್ತೇವಿ. ನೀವು ಬಂದು ಒಂದು ಮಾತು ಹೇಳಿಬಿಡ್ರಿ, ಸಾಕು."

"ನಾ ಹೇಳಿದ್ರ ಸಾಕೇನು?"

"ನಿಮ್ಮ ಮಾತು ಮೀರೋರು ಯಾರದಾರ್ರಿ?"

ಅವನು ಹೋದ ಮೇಲೆ ಶಾಂತಪ್ಪನವರು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತರು. ಲಿಂಗದ ಒಂದು ಕಣ್ಣಲ್ಲಿ ರಕ್ತ ಸುರಿದಾಗ ಕಣ್ಣಪ್ಪ ತನ್ನ ಕಣ್ಣು ಕಿತ್ತು ಅಲ್ಲಿಟ್ಟ. ಇನ್ನೊಂದು ಕಣ್ಣಲ್ಲೂ ರಕ್ತ ಬಂತು. ಉಳಿದದ್ದನ್ನೂ ಕಿತ್ತರೆ ಜಾಗ ಕಾಣುವುದು ಹೇಗೆ? ಅದಕ್ಕೇ ಅಲ್ಲಿ ಕಾಲಿಟ್ಟು ಗುರುತು ಹಿಡಿದ. ದೇವರ ಮೇಲೆ ಕಾಲು ಎನ್ನಲು ನಾಲಿಗೆ ಏಳದೆ, ಮೊದಲ ವರ್ಷವೇ ಶಾಂತಪ್ಪನವರು ಕಾಲನ್ನು ಕೈ ಮಾಡಿದ್ದರು.

ಹೆಂಡತಿ ಚಂದಮ್ಮ ಸುರಪುರದವಳು, ಅಜ್ಜಿಯ ಬಾಯಿಂದ ಕಥೆ ಕೇಳಿ ಬೆಳೆದವಳು. ಅಂದು ರೊಟ್ಟಿ ಬಡಿಯುತ್ತಲೇ ಕೇಳಿದ್ದಳು: "ಒಂದು ಕೈಯಾಗ ಬಾಣ, ಇನ್ನೊಂದು ಕೈ ಕಣ್ಣಿಗೆ ಬೇಕು. ಗುರುತಿಗೆ ಮೂರನೇ ಕೈ ಎಲ್ಲಿಂದ ತಂದ್ರಿ?"

"ಇಡೀ ಊರಾಗ ಯಾರೂ ಕೇಳ್ಲಿಲ್ಲ, ನೀನೊಬ್ಬಾಕಿ ಕೇಳ್ತಿ."

"ಊರು ನಿಮಗ ಅಂಜ್ತದ. ನಾ ಯಾಕ ಅಂಜಲಿ?"

ಆಮೇಲೆ ಪ್ರತಿ ಶ್ರಾವಣವೂ ಅವರು ಗುಡಿಯಿಂದ ಬಂದೊಡನೆ, "ಮೂರು ಕೈಯ ಪುರಾಣಿಕರು ಬಂದ್ರು, ನೀರು ಕೊಡ್ರಿ" ಎಂದು ತಾನೇ ಕೂಗಿ ತಾನೇ ತಂಬಿಗೆ ತರುತ್ತಿದ್ದಳು. ಮುಂದಿನ ವರ್ಷ ಸರಿಯಾಗಿ ಹೇಳುತ್ತೇನೆ ಎಂದು ಇವರು ನಗುತ್ತಿದ್ದರು. ಈ ಸಲ ಕಾರಹುಣ್ಣಿಮೆ ಕಳೆದ ವಾರಕ್ಕೆ ಆಕೆ ಶಿವನ ಪಾದ ಸೇರಿದಳು. ಶ್ರಾವಣ ಬಂತು, ಇವರು ಪುರಾಣಕ್ಕೆ ಕೂಡಲಿಲ್ಲ.

ಮುಂಜಾನೆ ಮೂರ್ತಿಯ ಸುತ್ತ ಜನ ನೆರೆದಿತ್ತು. ಕೊಯ್ಯುವ ಮಶೀನು ಬಂದಿತ್ತು. ಮೌನಪ್ಪ ಕಟ್ಟೆಗೆ ಒರಗಿ ನೆಲ ನೋಡುತ್ತ ನಿಂತಿದ್ದ.

"ಕಾಲು ಕಥ್ಯಾಗ ಐತ್ರಿ," ಎಂದರು ಶಾಂತಪ್ಪನವರು. "ಮೌನಪ್ಪಂದು ತಪ್ಪಿಲ್ಲ. ನಲವತ್ತು ವರ್ಷ ನಾನೇ ಅದನ್ನ ಮುಚ್ಚಿಟ್ಟೇನಿ."

ಭೀಮಾಶಂಕರನ ಮುಖ ಸಣ್ಣದಾಯಿತು. "ಅಂದ್ರ ಇಷ್ಟು ವರ್ಷ ನಮಗ ಸುಳ್ಳು ಹೇಳಿದ್ರೇನ್ರಿ?"

"ಹೌದಪ್ಪ. ಅಂಜಿ ಹೇಳಿದೆ."

"ಇನ್ನ ಇವರ ಪುರಾಣ ಯಾರು ಕೇಳ್ತಾರೋ!" ಎಂದು ಹಿಂದಿನಿಂದ ಒಬ್ಬ ನಕ್ಕ. ಶಾಂತಪ್ಪನವರ ಕಿವಿ ಬಿಸಿಯಾಯಿತು.

ಹೂ ಮಾರುವ ಅಯ್ಯಮ್ಮ ಬುಟ್ಟಿ ಇಳಿಸಿದಳು. "ನಗೂದು ಆಮ್ಯಾಲ ನಗುವಂತಿ, ಸುಮ್ಮನಿರೋ. ಯಪ್ಪಾ, ಕಾಲು ಯಾಕಿಟ್ಟ, ಅದನ್ನರ ಈಗ ನೆಟ್ಟಗ ಹೇಳ್ರಿ."

ಶಾಂತಪ್ಪನವರು ಕಟ್ಟೆಯ ಮೇಲೆ ಕುಳಿತು ಮೊದಲಿಂದ ಹೇಳಿದರು. ಎರಡನೇ ಕಣ್ಣಿಗೆ ಬಂದಾಗ ಎದ್ದು ಕಂಚಿನ ಕಾಲಿನ ಮೇಲೆ ಕೈಯಿಟ್ಟರು. "ತನಗ ಇನ್ನ ಏನೂ ಕಾಣೂದಿಲ್ಲಂತ ಗೊತ್ತಿತ್ತು ಅವಗ. ಅದಕ್ಕ ಇಟ್ಟ ಕಾಲು ಕದಲಿಸಲಿಲ್ರಿ," ಎಂದು ಮುಗಿಸಿದರು.

ಮಶೀನಿನವನು ಭೀಮಾಶಂಕರನ ಮುಖ ನೋಡಿದ. ಭೀಮಾಶಂಕರ ಬೇಡವೆಂದು ಕೈಯಾಡಿಸಿ ಗಾಡಿ ಹತ್ತಿದ. ಅಯ್ಯಮ್ಮ ಒಂದು ಮೊಳ ಹೂ ಹರಿದು ಕಂಚಿನ ಕಾಲಿಗೆ ಸುತ್ತಿದಳು.

ಎಲ್ಲಿ ಕಂಡರೂ ಶಾಂತಪ್ಪನವರ ಪಾದ ಮುಟ್ಟುತ್ತಿದ್ದ ಜನ ಅಂದು ಯಾರೂ ಮುಟ್ಟದೆ ಚದುರಿದರು. ಅವರು ಒಬ್ಬರೇ ಮನೆಯ ದಾರಿ ಹಿಡಿದರು. ಹೋಗಿ ಹೇಳಲು ಅಲ್ಲಿ ಯಾರೂ ಇರಲಿಲ್ಲ. ಆದರೂ ಬೇಗ ಬೇಗ ಹೆಜ್ಜೆ ಹಾಕಿದರು.