ಒಂದೆಲಗದ ತಂಬುಳಿ

ಶೈಲಜಾ ಒಂದು ಸುಳ್ಳಿಗೆ ವಾರದಿಂದ ತಯಾರಿ ನಡೆಸಿದ್ದಳು. ಸುಳ್ಳೇನು ಮಹಾ, 'ಇಲ್ಲ' ಅನ್ನುವ ಒಂದು ಮಾತು. ಗಂಡ ತ್ಯಾಗರಾಜನಿಗೆ ಆಲ್ಜೈಮರ್ಸ್ ಬಂದಾಗಿನಿಂದ ಅವಳು ತುಳಿಯದ ಆಸ್ಪತ್ರೆಯಿಲ್ಲ, ಹೊರದ ಹರಕೆಯಿಲ್ಲ. ಈಗ ಉಳಿದಿದ್ದು ಇದೊಂದೇ: ಇಲ್ಲಿ ಅಮೆರಿಕದಲ್ಲಿ, ಗೈದರ್ಸ್‌ಬರ್ಗ್‌ನ ಒಂದು ಕ್ಲಿನಿಕ್ಕಿನಲ್ಲಿ ನಡೆಯುತ್ತಿದ್ದ ಹೊಸ ಔಷಧಿಯ ಪರೀಕ್ಷೆ. ರೋಗಿಗಳನ್ನು ಸೇರಿಸಿಕೊಳ್ಳಲು ಇವತ್ತೇ ಕೊನೆ. ಸೇರುವವರು ಎರಡು ತಿಂಗಳಿಂದ ಬೇರಾವ ಗಿಡಮೂಲಿಕೆಯನ್ನೂ ಮುಟ್ಟಿರಬಾರದು.

ಎಂಥ ನ್ಯಾಯ ನೋಡಿ. ಅವರ ಗುಳಿಗೆಯೂ ಯಾವುದೋ ಬೇರಿನ ಸಾರವೇ. ಅವರ ಬೇರು ಔಷಧಿ, ಇವಳ ಎಲೆ ಅಪರಾಧ. ಬೇಸ್‌ಮೆಂಟಿನಲ್ಲಿ ದೀಪ ಉರಿಸಿ, ಟಬ್ಬುಗಳಲ್ಲಿ ಕೂಸಿನ ಹಾಗೆ ಸಾಕಿದ ಒಂದೆಲಗ ಅದು. ದಿನಾ ಬೆಳಿಗ್ಗೆ ಕಿತ್ತು, ಮೆಣಸು ಜೀರಿಗೆ ಕಾಯಿ ಹಾಕಿ ರುಬ್ಬಿ, ಮಜ್ಜಿಗೆಗೆ ಬೆರೆಸಿ ಗಂಡನಿಗೆ ಕುಡಿಸುತ್ತಿದ್ದಳು. ಅದರಿಂದ ನೆನಪೇನೂ ಮರಳಿರಲಿಲ್ಲ, ಅದು ಅವಳಿಗೂ ಗೊತ್ತು. ಆದರೆ ನಿಲ್ಲಿಸಿದರೆ ಇರುವುದೂ ಹೋಗಿಬಿಟ್ಟೀತೆಂಬ ಹೆದರಿಕೆ. ತಂಬುಳಿ ಊಟ ತಾನೇ, ಔಷಧಿ ಹೇಗಾದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಕ್ಲಿನಿಕ್ಕಿನಲ್ಲಿ ಪ್ರಶ್ನೆ ಕೇಳಿದ್ದು ನರ್ಸ್ ನಿಧಿ, ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ.

"ಆಂಟಿ, ಅಂಕಲ್‌ಗೆ ಹರ್ಬಲ್ ಏನಾದ್ರೂ ಕೊಡ್ತೀರಾ? ಟೀ, ಪೌಡರ್, ಲೀವ್ಸ್?"

"ಇಲ್ಲಮ್ಮ, ಏನೂ ಇಲ್ಲ."

ನಿಧಿ ಟೈಪ್ ಮಾಡಿಕೊಂಡಳು. ಶೈಲಜಾ ಉಸಿರು ಬಿಟ್ಟಳು. ಪಕ್ಕದಲ್ಲಿ ಕೂತಿದ್ದ ತ್ಯಾಗರಾಜ, ಹೆತ್ತ ಮಗಳ ಹೆಸರನ್ನೇ ಮರೆತ ಮನುಷ್ಯ, ಆಗ ತಲೆಯೆತ್ತಿದ.

"ಯಾಕೆ, ಒಂದೆಲಗದ ತಂಬುಳಿ ಇದೆಯಲ್ಲ," ಅಂದ. "ಇವತ್ತು ಬೆಳಿಗ್ಗೆನೂ ಕುಡಿದೆ. ಮೆಣಸು ಸ್ವಲ್ಪ ಜಾಸ್ತಿಯಾಗಿತ್ತು."

ಶೈಲಜಾಳಿಗೆ ಅಳಬೇಕೋ ಕುಣಿಯಬೇಕೋ ತಿಳಿಯಲಿಲ್ಲ. ಮೆಣಸು ಜಾಸ್ತಿಯಾಗಿದ್ದು ನಿಜ. ಬೆಳಗಿನ ಸಂಗತಿಯೊಂದು ಅವನ ತಲೆಯಲ್ಲಿ ಮಧ್ಯಾಹ್ನದವರೆಗೆ ಉಳಿದು ಎಷ್ಟು ಕಾಲವಾಗಿತ್ತು. ನೆನಪೇ, ಬರುವುದು ಬಂದೆ, ಈಗಲೇ ಬರಬೇಕಿತ್ತೇ?

ನಿಧಿಯ ಬೆರಳುಗಳು ನಿಂತವು. "ಸಾರಿ ಆಂಟಿ. ಇದನ್ನ ನಾನು ಹೈಡ್ ಮಾಡಕ್ಕಾಗಲ್ಲ. ಅಂಕಲ್ ಈ ಟ್ರಯಲ್‌ಗೆ ಎಲಿಜಿಬಲ್ ಅಲ್ಲ."

"ನಿನ್ನ ಕಾಲಿಗೆ ಬೀಳ್ತೀನಿ ಕಣಮ್ಮ. ಇವತ್ತೇ ನಿಲ್ಲಿಸ್ತೀನಿ. ಗಿಡ ಎಲ್ಲ ಕಿತ್ತು ಬಿಸಾಕ್ತೀನಿ. ನಮಗೆ ಇದು ಬಿಟ್ರೆ ಬೇರೆ ಏನೂ ಇಲ್ಲ."

ಕುರ್ಚಿಯಿಂದ ಎದ್ದವಳು ನಿಜಕ್ಕೂ ಬಗ್ಗಿಯೇಬಿಟ್ಟಳು. ನಿಧಿ ಗಾಬರಿಯಾಗಿ ಅವಳ ಭುಜ ಹಿಡಿದು ಎತ್ತಿದಳು, ಆದರೆ ತಲೆ ಅಲ್ಲಾಡಿಸಿದಳು. ಆಗುವುದಿಲ್ಲ.

ತ್ಯಾಗರಾಜನಿಗೆ ಇದು ಸರಿಬರಲಿಲ್ಲ. ನಿಧಿಯ ಕಡೆ ಬಾಗಿ ಮೆಲ್ಲಗೆ ಹೇಳಿದ:

"ಅವರನ್ನ ಬೈಬೇಡಮ್ಮ. ದಿನಾ ನಮ್ಮನೆಗೆ ಬಂದು ಮಾಡಿಕೊಡ್ತಾರೆ. ಯಾರೋ ಏನೋ, ಪಾಪ, ತುಂಬ ಒಳ್ಳೆಯವರು."