ಎಲ್ಲರ ವಿಳಾಸ ಹೊಲಿಗೆ ಅಂಗಡಿ

ತನ್ನ ಅಂಗಡಿಯ ಬೀಗದ ಮೇಲಿನ ಅರಗಿನ ಮುದ್ರೆ ನೋಡಿ ಹೊಲಿಗೆಯವಳ ಮೈ ಉರಿದುಹೋಯಿತು. ಮಷೀನು, ಕತ್ತರಿ, ಅರ್ಧ ಹೊಲಿದ ಟೆಂಟು ಎಲ್ಲ ಒಳಗೇ ಇದ್ದವು. ಬೆಳಿಗ್ಗೆ ಬಂದ ಗಡಿ ಕಚೇರಿಯ ತನಿಖೆಯವನು ಹೇಳಿದ್ದಿಷ್ಟು: ಬೆಟ್ಟದ ದಾರಿಯಲ್ಲಿ ನಡೆಯಲು ಬಂದ ಪರದೇಶದವನೊಬ್ಬ ಅವಧಿ ಮುಗಿದರೂ ವಾಪಸಾಗಿಲ್ಲ. ಅವನ ಅರ್ಜಿಯಲ್ಲಿ ತಂಗುವ ಜಾಗ ಅಂತ ಈ ಅಂಗಡಿಯ ವಿಳಾಸವಿದೆ. ಪರವಾನಗಿ ಇಲ್ಲದೆ ಪರದೇಶದವರನ್ನು ಇಟ್ಟುಕೊಳ್ಳುವುದು ಅಪರಾಧ.

"ಒಬ್ಬನೇನಾ, ಇನ್ನೂ ಇದಾರಾ?" ಅಂತ ಪಕ್ಕದ ಗಡಿಯಾರ ರಿಪೇರಿಯವನು ಹಲ್ಲು ಕಿರಿದ.

ಕಾಲು ಚಾಚಿದರೆ ಗೋಡೆ ಒದೆಯಬೇಕು, ಅಂಥ ಅಂಗಡಿ ಅದು. ಇದು ಯಾರ ಕೆಲಸವೆಂದು ಅವಳಿಗೆ ಆಗಲೇ ಹೊಳೆದಿತ್ತು. ಅಕ್ಕನ ಗಂಡನೇ ಗಡಿ ಕಚೇರಿಯ ಕಿಟಕಿಯಲ್ಲಿ ಕೂತು ಅರ್ಜಿ ತುಂಬಿಸುವವನು. "ನಿನ್ನ ಅಂಗಡಿಗೆ ಗಿರಾಕಿ ಕಳಿಸ್ತಿದೀನಿ ನಾದಿನಿ" ಅಂತ ಊಟಕ್ಕೆ ಕೂತಾಗೆಲ್ಲ ಜಂಬ ಕೊಚ್ಚುತ್ತಿದ್ದ. ಹರಿದ ಬ್ಯಾಗು ಹೊಲಿಸಲು ದಾರಿ ತೋರಿಸುತ್ತಾನೆ ಅಂದುಕೊಂಡಿದ್ದಳು ಇವಳು.

ದಡದಡ ಗಡಿ ಕಚೇರಿಗೆ ನಡೆದಳು. ಬೆನ್ನ ಮೇಲೆ ಮನೆಯಷ್ಟು ಹೊರೆ ಹೊತ್ತ ಪರದೇಶದವರ ಸಾಲು ಸೀಳಿಕೊಂಡು ಕಿಟಕಿಯ ಮುಂದೆ ನಿಂತಳು.

"ಬಾವ, ವಿಳಾಸ ಬರೆದೋನು ನಾನು ಅಂತ ತನಿಖೆಯವರ ಹತ್ರ ಹೇಳಿ."

"ಮೆಲ್ಲಗೆ ಮಾತಾಡೇ! ಆ ಜಾಗ ಖಾಲಿ ಬಿಟ್ರೆ ಮೇಲಿನೋರು ಅರ್ಜಿ ಮುಖಕ್ಕೆ ಎಸೀತಾರೆ. ಇವರೋ, ಇವತ್ತು ಈ ಮರ, ನಾಳೆ ಆ ಬಂಡೆ ಅಂತಾರೆ. ಮರದ ವಿಳಾಸ ಬರೀಲಾ?"

"ನಿಮ್ಮನೇದು ಬರೀಬೇಕಿತ್ತು."

"ಸರಕಾರಿ ಮನೆ ಕಣೇ ಅದು!"

"ನಂದೇನು ಧರ್ಮಛತ್ರಾನಾ?"

ಗಲಾಟೆ ಕೇಳಿ ಕಚೇರಿಯ ಹಿಂದಿದ್ದ ಮನೆಯಿಂದ ಅಕ್ಕ ಓಡಿಬಂದಳು. ಕೈಗೆ ಸೋಪಿನ ನೊರೆ ಇನ್ನೂ ಮೆತ್ತಿಕೊಂಡಿತ್ತು.

"ನಿನ್ನ ದಮ್ಮಯ್ಯ, ಸುಮ್ನಿರು. ಇವರ ಕೆಲಸ ಹೋದ್ರೆ ನಾವು ಬೀದಿಗೆ ಬೀಳ್ತೀವಿ."

"ನಾನೀಗ ಎಲ್ಲಿ ನಿಂತಿದೀನಿ ಅಕ್ಕ?"

"ನಾಲ್ಕು ದಿನ ತಾಳ್ಕೊ, ಎಲ್ಲ ತಣ್ಣಗಾಗತ್ತೆ. ನಿಂಗೇನು, ಒಂಟಿ ಜೀವ, ಹೇಗೋ ನಡೆಯುತ್ತೆ."

ಆ ಮಾತು ಹೊಲಿಗೆಯವಳಿಗೆ ಸೂಜಿಯ ಹಾಗೆ ಚುಚ್ಚಿತು. ಅಕ್ಕತಂಗಿಯರ ಜಗಳ ತನಗೆ ಸಂಬಂಧವಿಲ್ಲವೆಂಬಂತೆ ಬಾವ ಸಾಲಿನಲ್ಲಿ ಮುಂದಿದ್ದ ಪರದೇಶದವಳ ಅರ್ಜಿ ಎಳೆದುಕೊಂಡ. ಹೆಸರು ಕೇಳಿದ, ಪಾಸ್‌ಪೋರ್ಟು ನೋಡಿದ, ತಂಗುವ ಜಾಗಕ್ಕೆ ಬಂದಾಗ ತಲೆ ಎತ್ತದೆ, ಯಾರನ್ನೂ ಕೇಳದೆ ಸರಸರ ಬರೆದ. ಹೊಲಿಗೆಯವಳು ಬಗ್ಗಿ ನೋಡಿದಳು.

ಅವಳದೇ ಅಂಗಡಿ. ಅವಳು ಎದುರಿಗೇ ನಿಂತಿದ್ದಾಳೆ, ಆದರೂ ಅವಳದೇ ಅಂಗಡಿ!

ಕಿಟಕಿಯೊಳಗೆ ಕೈ ತೂರಿಸಿ ಅರ್ಜಿ ಕಿತ್ತುಕೊಂಡಳು. "ಏಯ್, ಸರಕಾರಿ ಕಾಗದ!" ಅಂತ ಬಾವ ಕೂಗಿದ. ಅಕ್ಕ ತೋಳು ಹಿಡಿದಳು. ಆ ಒದ್ದೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ತನಿಖೆಯವನ ಕೋಣೆಗೆ ನುಗ್ಗಿದಳು. ಅರ್ಜಿಯನ್ನು ಮೇಜಿನ ಮೇಲೆ ಬಡಿದಳು.

"ನೋಡಿ ಸ್ವಾಮಿ, ನಿಮ್ಮ ಕಿಟಕಿಯೋರು ಈಗಷ್ಟೇ ಬರೆದಿದ್ದು. ಇವಳೂ ನನ್ನ ಅಂಗಡೀಲೇ ಮಲಗ್ತಾಳಂತೆ. ಬೇಗ ಬೀಗ ತೆಗೀರಿ, ಹಾಸಿಗೆ ಹಾಸ್ಬೇಕು!"

ತನಿಖೆಯವನು ಅಕ್ಷರದ ಮೇಲೆ ಬೆರಳಿಟ್ಟ. ಬೆರಳಿಗೆ ಶಾಯಿ ಹತ್ತಿತು. "ಕಿಟಕಿಯವನನ್ನ ಕರೀರಿ" ಅಂದ.

ಬಾಗಿಲಾಚೆ ಅಕ್ಕ ಗೋಡೆಗೊರಗಿ ಅಳುತ್ತಿದ್ದಳು. ಹೊಲಿಗೆಯವಳು ಒಮ್ಮೆ ಅತ್ತ ತಿರುಗಿ ನೋಡಿದಳು. ಆದರೆ ಕೋಪ ಇಳಿದಿರಲಿಲ್ಲ. ಯಾರೂ ಕೂರು ಅನ್ನದಿದ್ದರೂ ಕುರ್ಚಿ ಎಳೆದು ಕೂತಳು, ಬಾವ ಬರಲಿ ಅಂತ.